ಮುನಿರಾಜು ಹುಡುಕಿದ ನಾಲ್ಕನೆಯ ಮೂಲೆ

ತಲೆಗೆ ಪೆಟ್ಟು ಬಿದ್ದವರ ಪುನರ್ವಸತಿ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬಂದು, "ಮೇಡಂ, ಏನಾದ್ರೂ ಟಿಪ್ಸ್ ಕೊಡಿ" ಅನ್ನುತ್ತಾರೆ. ನನಗೆ ಆ ಪದ ಕಂಡರೆ ಆಗುವುದಿಲ್ಲ. ಟಿಪ್ಸ್ ಏನಿದ್ದರೂ ಹೋಟೆಲಿನ ಸಪ್ಲೈಯರಿಗೆ. ಬೇಕಾದರೆ ನಾನು ಮಾಡಿದ ತಪ್ಪುಗಳನ್ನು ಕೊಡುತ್ತೇನೆ, ಅವು ನನ್ನ ಹತ್ತಿರ ಧಾರಾಳವಾಗಿವೆ. ಬಡ್ತಿ ಎರಡು ಸಿಕ್ಕಿದವು, ಎರಡು ಸಲವೂ ಮೈಸೂರುಪಾಕು ಹಂಚಿದೆ, ಆ ಕಥೆ ಅಲ್ಲಿಗೆ ಮುಗಿಯಿತು.

ನಮ್ಮ ಕೇಂದ್ರ ಇದ್ದದ್ದು ಚಾಮರಾಜಪೇಟೆಯ ಒಂದು ಹಳೆಯ ಮನೆಯಲ್ಲಿ. ಹಜಾರದಲ್ಲಿ ಫಿಸಿಯೋಥೆರಪಿ, ಅಡುಗೆಮನೆಯಲ್ಲಿ ಮಾತಿನ ತರಬೇತಿ, ದೇವರಮನೆಯಲ್ಲಿ ಫೈಲುಗಳು. ನನ್ನ ಹುದ್ದೆಯ ಹೆಸರು ಕೋಆರ್ಡಿನೇಟರ್. ನಮ್ಮ ಅತ್ತೆಗೆ ಆ ಪದ ಕೊನೆಯವರೆಗೂ ಒಗ್ಗಲಿಲ್ಲ.

"ಡಾಕ್ಟ್ರಲ್ಲ, ನರ್ಸಲ್ಲ. ಮತ್ತೆ ದಿನಾ ಹೋಗಿ ಏನ್ ಮಾಡ್ತೀಯೇ ಗಿರಿಜಾ?"

"ಓಡಾಡ್ತೀನಿ ಅತ್ತೆ."

ಅದು ಸುಳ್ಳೇನಲ್ಲ. ಆಸ್ಪತ್ರೆಯವರು ತಲೆ ಹೊಲಿದು ಮನೆಗೆ ಕಳಿಸಿಬಿಡುತ್ತಾರೆ. ಆಮೇಲೆ ಸ್ನಾನ ಮಾಡಿಸುವುದು ಹೇಗೆ, ಇದ್ದಕ್ಕಿದ್ದಂತೆ ಸಿಟ್ಟು ಬಂದರೆ ಏನು ಮಾಡುವುದು, ನಡಿಗೆ ಕಲಿಸುವವರು ಎಲ್ಲಿ, ಮಾತು ಕಲಿಸುವವರು ಎಲ್ಲಿ, ಕೆಲಸಕ್ಕೆ ಯಾವಾಗ ಹೋಗಬಹುದು, ಇದನ್ನೆಲ್ಲ ಯಾರು ಹೇಳಬೇಕು? ಆ ಎಲ್ಲ ಬಾಗಿಲುಗಳ ನಡುವೆ ಓಡಾಡುವವಳು ನಾನು. ತೊಂಬತ್ತರ ದಶಕದಲ್ಲಿ ಮೊಬೈಲ್ ಎಲ್ಲಿತ್ತು? ಪಕ್ಕದ ಮನೆಗೆ ಫೋನು ಮಾಡಿ, ಅವರು ಕಾಂಪೌಂಡಿನ ಮೇಲಿಂದ ಕೂಗಿ ಕರೆಯುವ ತನಕ ರಿಸೀವರ್ ಹಿಡಿದು ಕಾಯಬೇಕಿತ್ತು. ಈಗಿನವರು ವಾಟ್ಸಾಪಿನಲ್ಲಿ ವಿಡಿಯೋ ತರಿಸಿಕೊಂಡು ಮನೆ ನೋಡಿದೆ ಅನ್ನುತ್ತಾರೆ. ನೋಡಲಿ. ಒಗ್ಗರಣೆ ಸೀದದ್ದು ವಿಡಿಯೋದಲ್ಲಿ ಗೊತ್ತಾಗುವುದಿಲ್ಲ.

ಪರೀಕ್ಷೆಯ ಸಾಮಾನುಗಳೋ, ದೇವರೇ ಗತಿ. ಎಲ್ಲ ಹೊರದೇಶದ ಚಿತ್ರಗಳು. ಮಲ್ಲೇಶ್ವರದ ಒಬ್ಬ ಅಜ್ಜಿಗೆ ಚಿಮಣಿ ಇರುವ ಮನೆಯ ಚಿತ್ರ ತೋರಿಸಿ ಇದೇನು ಎಂದರೆ, "ಇಟ್ಟಿಗೆ ಗೂಡು" ಎಂದರು. ತಪ್ಪು ಎಂದು ಬರೆದುಕೊಂಡೆವು. ಅಜ್ಜಿ ನನ್ನನ್ನೇ ಕನಿಕರದಿಂದ ನೋಡಿ, "ಮನೆ ಅಂತೀಯಾ? ಇದ್ರಲ್ಲಿ ಯಾರಮ್ಮಾ ಇರ್ತಾರೆ, ಹೊಗೆ ಬರ್ತಾ ಇದೆ?" ಎಂದರು. ಅವರ ತಲೆ ಸರಿಯಾಗಿಯೇ ಇತ್ತು, ನಮ್ಮದೇ ಚಿತ್ರ ಕೆಟ್ಟಿತ್ತು. ಆಮೇಲೆ ನಾವೇ ಒರಳು, ಈಳಿಗೆಮಣೆ, ಬಸ್ಸು, ಹೂವಿನ ಬುಟ್ಟಿ ಎಲ್ಲದರ ಫೋಟೋ ತೆಗೆಸಿ ರಟ್ಟಿಗೆ ಅಂಟಿಸಿದೆವು.

ನಮ್ಮ ಡೈರೆಕ್ಟರ್ ಡಾಕ್ಟರು ಬಸವನಗುಡಿಯವರು, ದಪ್ಪ ಕನ್ನಡಕ, ಮೆಲ್ಲಗಿನ ಮಾತು. ನಾನು ಎಷ್ಟೇ ಅಚ್ಚುಕಟ್ಟಾಗಿ ಫೈಲು ಬರೆದುಕೊಂಡು ಹೋದರೂ ಅದನ್ನು ತೆರೆಯದೆ, "ಮನೆ ನೋಡಿದ್ಯೇನಮ್ಮಾ?" ಎಂದು ಕೇಳುತ್ತಿದ್ದರು. ನೋಡಿಲ್ಲ ಅಂದರೆ ಫೈಲು ವಾಪಸ್. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಂ.ಎ. ಮಾಡಿ ಬಂದವಳಿಗೆ ಮನೆಮನೆ ಸುತ್ತು ಅನ್ನುತ್ತಾರಲ್ಲ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಅಂಥ ಅಹಂಕಾರದ ದಿನಗಳಲ್ಲಿ ಬಂದವರು ಮುನಿರಾಜು. ಸುಲ್ತಾನ್‌ಪೇಟೆಯಲ್ಲಿ ಅಣ್ಣನ ಜೊತೆ ಲಗ್ನಪತ್ರಿಕೆಯ ಅಂಗಡಿ. ತಾತನ ಕಾಲದಲ್ಲಿ ತರಕಾರಿ ಬೆಳೆಯುತ್ತಿದ್ದ ಮನೆತನ, ತಂದೆಯ ಕಾಲಕ್ಕೆ ಅಚ್ಚಿನ ಕೆಲಸಕ್ಕೆ ಬಂದಿತ್ತು. ಮುಂದೆ ಅಂಗಡಿ, ಹಿಂದೆ ಸೀಸದ ಅಕ್ಷರದ ಮೊಳೆ ಜೋಡಿಸುವ ಕೋಣೆ ಮತ್ತು ಅಚ್ಚಿನ ಮಿಷಿನ್. ಅಣ್ಣ ಹನುಮಂತಪ್ಪ ಗಿರಾಕಿಗಳನ್ನು ನೋಡಿಕೊಳ್ಳುವವರು, ಮುನಿರಾಜು ಪ್ರೂಫ್ ತಿದ್ದುವವರು. ಮುನಿರಾಜು ನೋಡಿದ ಕಾರ್ಡಿನಲ್ಲಿ ಒಂದು ಕೊಂಬೂ ತಪ್ಪಿರುವುದಿಲ್ಲ ಎಂದು ಪೇಟೆಯಲ್ಲಿ ಹೆಸರಿತ್ತು. ಮಾಮೂಲ್‌ಪೇಟೆಯ ತಿರುವಿನಲ್ಲಿ ಸ್ಕೂಟರ್ ಜಾರಿ ತಲೆಯ ಬಲಭಾಗಕ್ಕೆ ಪೆಟ್ಟಾಗಿ, ಆಪರೇಷನ್ ಆಗಿ, ಮೂರು ತಿಂಗಳ ಮೇಲೆ ನಮ್ಮಲ್ಲಿಗೆ ಬಂದಿದ್ದರು.

ಎಡಗೈ ಸ್ವಲ್ಪ ಸೋತಿತ್ತು, ಅಷ್ಟೇ. ಮಾತೋ, ಕಾರಂಜಿ. ನಮ್ಮ ಥೆರಪಿಸ್ಟ್ ಹುಡುಗಿಗೆ, "ನಿಮ್ ಮದ್ವೆ ಕಾರ್ಡ್ ನಮ್ದೇ ಕಣಮ್ಮಾ, ಗಂಡು ಮಾತ್ರ ನೀವೇ ತರ್ಬೇಕು" ಎಂದು ತಮಾಷೆ ಮಾಡಿದರು. ಹತ್ತು ಪದ ಹೇಳಿದರೆ ಹತ್ತೂ ನೆನಪಿಟ್ಟರು. ಏನಾದರೂ ತೊಂದರೆ ಇದೆಯಾ ಎಂದರೆ, "ನಂಗಾ? ಏನೂ ಇಲ್ಲ ಮೇಡಂ. ಮನೇಲಿ ಎಲ್ಲರ್ಗೂ ತಲೆ ಕೆಟ್ಟಿದೆ" ಎಂದರು. ಜೊತೆಗೆ ಬಂದಿದ್ದ ಹೆಂಡತಿ ಜಯಮ್ಮ ಏನೋ ಹೇಳಲು ಬಾಯಿ ತೆರೆದರು. "ಒಂದ್ನಿಮಿಷ ಇರಿ" ಎಂದು ಅವರ ಬಾಯಿ ಮುಚ್ಚಿಸಿದವಳು ನಾನೇ.

ಓದುವುದನ್ನು ಪರೀಕ್ಷಿಸಬೇಕಿತ್ತು. ಮೇಜಿನ ಮೇಲೆ ನಮ್ಮ ಸಂಬಂಧಿಕರ ಲಗ್ನಪತ್ರಿಕೆ ಬಿದ್ದಿತ್ತು. ಅವರ ಕಸುಬಿನದೇ ಅಲ್ಲವೇ ಎಂದು ಅದನ್ನೇ ಕೊಟ್ಟೆ, ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದೆ. ಮೇಲಿನ ದೇವರ ಹೆಸರಿನಿಂದ ಹಿಡಿದು "ಸುಖಾಗಮನವನ್ನು ಬಯಸುವ" ತನಕ ಎಲ್ಲೂ ತಡವರಿಸದೆ ಓದಿದರು. ನಾನು ಫೈಲಿನಲ್ಲಿ ಬರೆಯುತ್ತಾ ಕೇಳಿಸಿಕೊಂಡೆ. ಡಾಕ್ಟರು ಆ ವಾರ ರಜೆ. ಸಹಿ ಹಾಕುವ ಅಧಿಕಾರ ನನಗಿತ್ತು. "ಕೆಲಸಕ್ಕೆ ಮರಳಬಹುದು" ಎಂದು ಬರೆದು, ಮೊಹರು ಒತ್ತಿ ಕೊಟ್ಟೆ.

ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಲಗ್ನಪತ್ರಿಕೆ ಓದಿದ ಮನುಷ್ಯನಿಗೆ ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಬಾಯಿಪಾಠ ಎಂದು ನನಗೆ ಹೊಳೆಯಲೇ ಇಲ್ಲ. ಕಾರ್ಡಿನಲ್ಲಿ ಇದ್ದದ್ದನ್ನು ಅವರು ಓದುತ್ತಿದ್ದಾರಾ, ಇಲ್ಲ ತಲೆಯಲ್ಲಿ ಇದ್ದದ್ದನ್ನು ಹೇಳುತ್ತಿದ್ದಾರಾ ಎಂದು ನಾನು ನೋಡಲಿಲ್ಲ. ಕೇಳಿದೆ, ನೋಡಲಿಲ್ಲ. ನನ್ನ ಇಡೀ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿಲ್ಲ.

ಹದಿನೈದು ದಿನಕ್ಕೆ ಹನುಮಂತಪ್ಪನವರ ಫೋನು ಬಂತು. "ಏನ್ ಮೇಡಂ, ನೀವ್ ಬರ್ಕೊಟ್ಟಿದ್ದು ಕಾಗ್ದಾನಾ, ಕಡ್ಲೆಕಾಯಿ ಪೊಟ್ಲಾನಾ?"

ನಡೆದದ್ದು ಇಷ್ಟು. ಮುನಿರಾಜು ನೋಡಿ ಬಿಟ್ಟ ಒಂದು ಪತ್ರಿಕೆಯಲ್ಲಿ ಮದುವೆ ಗಂಡಿನ ತಾತನ ಹೆಸರಿನ ಹಿಂದೆ, ಸಾಲಿನ ಶುರುವಿನಲ್ಲೇ, "ಶ್ರೀ" ಇರಬೇಕಾದ ಕಡೆ "ದಿ||" ಎಂದು ಅಚ್ಚಾಗಿತ್ತು. ಗಟ್ಟಿಮುಟ್ಟಾಗಿ ಬದುಕಿದ್ದ ತಾತ ದಿವಂಗತರಾಗಿಬಿಟ್ಟಿದ್ದರು. ಕಾರ್ಡು ಅರ್ಧ ಊರಿಗೆ ಹಂಚಿಯೂ ಆಗಿತ್ತು. ಆ ತಾತ ಕೋಲೂರಿಕೊಂಡು ಖುದ್ದು ಅಂಗಡಿಗೆ ಬಂದು, "ನೋಡಪ್ಪಾ, ಸತ್ತೋನು ಬಂದಿದೀನಿ. ಒಂದ್ ಲೋಟ ನೀರ್ ಕೊಡು" ಎಂದರಂತೆ. ಈಗ ನಗು ಬರುತ್ತದೆ. ಆವತ್ತು ಬರಲಿಲ್ಲ.

ಹನುಮಂತಪ್ಪ ತಮ್ಮನ ಕೈಯಿಂದ ಕೆಂಪು ಪೆನ್ಸಿಲ್ ಕಿತ್ತುಕೊಂಡರು. ಇನ್ನು ಮೇಲೆ ಕವರಿಗೆ ಕಾರ್ಡು ತುಂಬಿಸಿಕೊಂಡು ಕೂತಿರಲಿ, ಶ್ರಾವಣದ ಮದುವೆ ಕೆಲಸ ಶುರುವಾಗುವ ಹೊತ್ತಿಗೆ ಹೊಸ ಪ್ರೂಫ್ ರೀಡರ್ ಇಡುತ್ತೇನೆ ಎಂದರು. ಮುನಿರಾಜು ಕವರು ಮುಟ್ಟಲಿಲ್ಲ. ವೈಯಾಲಿಕಾವಲ್‌ನ ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಜಯಮ್ಮ ಬಂದು ನನ್ನ ಮುಂದೆ ಅತ್ತುಬಿಟ್ಟರು. "ಮೇಡಂ, ಅವ್ರು ಊಟ ಬಿಟ್ರೂ ಬದುಕ್ತಾರೆ. ಪ್ರೂಫ್ ಬಿಟ್ರೆ ಬದುಕಲ್ಲ."

ರಜೆಯಿಂದ ಬಂದಿದ್ದ ಡಾಕ್ಟರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಕನ್ನಡಕ ಒರೆಸುತ್ತಾ, "ಮನೆ ನೋಡಿದ್ಯೇನಮ್ಮಾ?" ಎಂದರು.

ಮರುದಿನವೇ ಬಸ್ಸು ಹತ್ತಿದೆ. ಮನೆಯಲ್ಲಿ ಏನೋ ಪೂಜೆ, ಎಲೆ ಹಾಕಿ ಊಟಕ್ಕೆ ಕೂರಿಸಿದ್ದರು. ಮುನಿರಾಜು ನನ್ನ ಎದುರು ಸಾಲಿನಲ್ಲಿ. ಎರಡು ತುತ್ತು ತಿಂದವರೇ ಹೆಂಡತಿಯ ಮೇಲೆ ರೇಗಿದರು. "ಪಲ್ಯ ಎಲ್ಲೇ? ಕೋಸಂಬರಿ ಎಲ್ಲೇ? ಬಂದೋರ ಮುಂದೆ ನನ್ನೊಬ್ಬಂಗೆ ಬಡಿಸಲ್ವಾ?"

ಜಯಮ್ಮ ನನ್ನ ಮುಖ ನೋಡಿದರು. "ದಿನಾ ಇದೇ ಮೇಡಂ. ಅವತ್ತು ನಾನ್ ಹೇಳಕ್ಕೆ ಬಂದಿದ್ದು ಇದನ್ನೇ."

ಅವರ ಎಲೆಯ ಬಲ ಅರ್ಧ ನುಣ್ಣಗೆ ಖಾಲಿ. ಎಡ ಅರ್ಧದಲ್ಲಿ ಪಲ್ಯ, ಕೋಸಂಬರಿ, ಉಪ್ಪಿನಕಾಯಿ ಎಲ್ಲ ಬಡಿಸಿದ ಹಾಗೇ ಇದೆ. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಾಗ ಕೆಲವರಿಗೆ ಎಡಗಡೆ ಅನ್ನುವುದೇ ಗಮನದಿಂದ ಬಿಟ್ಟುಹೋಗುತ್ತದೆ. ಕಣ್ಣು ಸರಿಯಾಗಿಯೇ ಇರುತ್ತದೆ, ಆದರೆ ಎಡಕ್ಕೆ ಏನೋ ಇದೆ ಎಂದು ಮನಸ್ಸಿಗೇ ಹೊಳೆಯುವುದಿಲ್ಲ, ಬಿಟ್ಟೆ ಎಂಬುದೂ ತಿಳಿಯುವುದಿಲ್ಲ. ಇದರ ಮೇಲೆ ನಾನೇ ಟ್ರೈನಿಂಗಿನಲ್ಲಿ ಭಾಷಣ ಮಾಡಿದ್ದೆ!

ತಡೆಯಲಾರದೆ ಎದ್ದು ಹೋಗಿ ಅವರ ಎಲೆಯನ್ನು ಸರಕ್ಕನೆ ತಿರುಗಿಸಿಬಿಟ್ಟೆ. "ಅಯ್ಯಯ್ಯೋ!" ಎಂದು ಅವರ ತಾಯಿ ಕಿರುಚಿಕೊಂಡರು. "ಎಲೆ ತುದಿ ಬಲಕ್ಕೆ ಬಂತಲ್ಲೇ ತಾಯಿ! ಸತ್ತೋರಿಗೆ ಹಾಕೋ ಹಾಗೆ ಹಾಕ್ಬಿಟ್ಯಲ್ಲ ನನ್ನ ಮಗಂಗೆ!"

ಅಷ್ಟರಲ್ಲಿ ಮುನಿರಾಜು ಎಲೆಯನ್ನೇ ನೋಡುತ್ತಾ, "ಪಲ್ಯ ಯಾವಾಗ ಬಡಿಸ್ದೆ?" ಎಂದರು. ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ತಾಯಿಯ ಕಾಲು ಹಿಡಿದು ತಪ್ಪಾಯಿತು ಎಂದೆ, ಬೇರೆ ಎಲೆ ಹಾಕಿಸಿದೆ. ಒಳಗೆ ಮಾತ್ರ ಕುಣಿಯುವ ಹಾಗಿತ್ತು. ರೋಗ ಏನೆಂದು ಗೊತ್ತಾಯಿತಲ್ಲ! ಊಟವಾದ ಮೇಲೆ ಪೇಪರ್ ಕೊಟ್ಟು ಓದಿಸಿದೆ. ಪ್ರತಿ ಸಾಲಿನ ಬಲ ಅರ್ಧವನ್ನಷ್ಟೇ ಓದಿದರು. ಅರ್ಥವಾಗದಿದ್ದಾಗ, "ಈಗಿನ ಪೇಪರ್ನೋರಿಗೆ ಬರೆಯೋಕ್ಕೆ ಬರಲ್ಲ ಬಿಡಿ" ಎಂದು ಪಕ್ಕಕ್ಕಿಟ್ಟರು.

ಸುಲ್ತಾನ್‌ಪೇಟೆಗೆ ಹೋಗಿ ಹನುಮಂತಪ್ಪನವರ ಮುಂದೆ ನಿಂತೆ. "ತಪ್ಪು ನಂದು, ನಿಮ್ಮ ತಮ್ಮಂದಲ್ಲ. ಬರೆದು ಕೊಡ್ತೀನಿ ಬೇಕಾದ್ರೆ. ಆಷಾಢ ಮುಗಿಯೋವರ್ಗೂ ಟೈಮ್ ಕೊಡಿ." ಆಷಾಢದಲ್ಲಿ ಮದುವೆ ಇಲ್ಲ. ಕಾರ್ಡಿನ ಅಂಗಡಿಗಳಿಗೆ ಕೆಲಸ ಕಡಿಮೆ, ಕೊನೆಯ ವಾರ ಮಾತ್ರ ಶ್ರಾವಣದ ಪತ್ರಿಕೆಗಳು ಬರತೊಡಗುತ್ತವೆ. ಹನುಮಂತಪ್ಪ ಗಲ್ಲಾಪೆಟ್ಟಿಗೆ ಮುಚ್ಚಿ ನನ್ನ ಕಡೆ ತಿರುಗಿದರು. "ಅವನು ನನ್ನ ತಮ್ಮ ಮೇಡಂ, ಶತ್ರು ಅಲ್ಲ. ಆದ್ರೆ ಇನ್ನೊಬ್ಬ ತಾತನ್ನ ಸಾಯ್ಸಕ್ಕೆ ನನ್ನ ಕೈಲಾಗಲ್ಲ. ಆಷಾಢದ ಕೊನೇ ವಾರ ಬರ್ಲಿ. ಆಮೇಲೆ ನಾನೇ ಪರೀಕ್ಷೆ ಮಾಡ್ತೀನಿ. ಒಂದ್ ತಪ್ಪು ಬಿಟ್ರೂ ಹೊಸಬ್ರು ಬರ್ತಾರೆ."

ತರಬೇತಿ ಶುರುವಾಯಿತು. ಪುಸ್ತಕದಲ್ಲಿ ಇದಕ್ಕೊಂದು ಉಪಾಯವಿದೆ: ಹಾಳೆಯ ಎಡ ಅಂಚಿಗೆ ದಪ್ಪಗೆ ಕೆಂಪು ಗೆರೆ ಎಳೆಯುವುದು, ಗೆರೆ ಸಿಗುವ ತನಕ ಎಡಕ್ಕೆ ಹುಡುಕಿ ಆಮೇಲೆ ಸಾಲು ಓದುವುದು. ಎಷ್ಟೋ ಜನಕ್ಕೆ ಗುಣ ಕೊಟ್ಟಿತ್ತು. ಮುನಿರಾಜುಗೆ ಕೊಡಲಿಲ್ಲ. ಥೆರಪಿಸ್ಟ್ ಹುಡುಗಿ ಪಕ್ಕದಲ್ಲಿ ಕೂತು ಬೆರಳು ತೋರಿಸಿದರೆ ಗೆರೆಯ ತನಕ ಹೋಗುವರು, ಆದರೂ ಸಾಲಿನ ಮೊದಲ ಪದಗಳಲ್ಲಿ ತಪ್ಪು ಹಾಗೇ ಉಳಿಯುತ್ತಿತ್ತು. ಎರಡು ವಾರ ಹೀಗೇ ಕಳೆಯಿತು. ನನಗೆ ರೇಗಿಹೋಯಿತು.

"ಅಲ್ಲ ಮುನಿರಾಜು ಅವ್ರೇ, ಗೆರೆ ಕಾಣುತ್ತೆ ಅಂತೀರ. ಗೆರೆ ಪಕ್ಕದ ತಪ್ಪು ಯಾಕೆ ಕಾಣಲ್ಲ?"

"ಕಾಣುತ್ತೆ ಮೇಡಂ. ಆದ್ರೆ ಕೆಂಪು ಬಿದ್ದಿದೆಯಲ್ಲ. ಕೆಂಪು ಬಿತ್ತು ಅಂದ್ರೆ ಯಾರೋ ಆಗ್ಲೇ ತಿದ್ದಿದಾರೆ ಅಂತ. ಇನ್ನೊಬ್ರು ತಿದ್ದಿದ್ದನ್ನ ನಾನು ಮುಟ್ಟಲ್ಲ."

ನಾನೂ ಥೆರಪಿಸ್ಟ್ ಹುಡುಗಿಯೂ ಮುಖ ಮುಖ ನೋಡಿಕೊಂಡೆವು. ನಮ್ಮ ಗೆರೆ ಅವರ ಕಸುಬಿಗೇ ಅಡ್ಡ ಬಂದಿತ್ತು. ಪ್ರೂಫ್ ತಿದ್ದುವವರಿಗೆ ಕೆಂಪು ಎಂದರೆ ಏನು ಎಂದು ನಾವು ಯಾರೂ ಯೋಚಿಸಿರಲಿಲ್ಲ. "ಹಾಗಾದ್ರೆ ಯಾವ ಬಣ್ಣ ಹಾಕೋಣ? ಹಸಿರು? ನೀಲಿ?" ಎಂದು ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ಮೂಲೆಯಲ್ಲಿ ಕೂತಿದ್ದ ಜಯಮ್ಮ ಬಾಯಿಬಿಟ್ಟರು. ಈ ಸಲ ನಾನು ಸುಮ್ಮನಿರಿ ಅನ್ನಲಿಲ್ಲ.

"ಬಣ್ಣ ಯಾಕೆ ಮೇಡಂ? ಅರಿಶಿನ ಹಚ್ಚಿ. ಲಗ್ನಪತ್ರಿಕೆಗೆ ನಾಲ್ಕು ಮೂಲೆಗೂ ಅರಿಶಿನ ಹಚ್ದೆ ಯಾರಾದ್ರೂ ಕೊಡ್ತಾರಾ? ಚಿಕ್ಕ ಹುಡುಗ ಆಗಿದ್ದಾಗ ಅಂಗಡೀಲಿ ಇವರಿಗೆ ಅದೇ ಕೆಲ್ಸ. ಒಂದ್ ಮೂಲೆ ಬಿಟ್ರೆ ಇವರಪ್ಪ ತಲೆ ಮೇಲೆ ಮೊಟಕ್ತಿದ್ರಂತೆ."

ನೀರಿನಲ್ಲಿ ಅರಿಶಿನ ಕಲೆಸಿ ತಂದೆವು. ಕಾರ್ಡಿನ ನಾಲ್ಕೂ ಮೂಲೆಗೆ ಹಚ್ಚಿ ಅವರ ಮುಂದಿಟ್ಟು, "ಅರಿಶಿನ ಸರಿಯಾಗಿದೆಯಾ ನೋಡಿ" ಎಂದೆ. ಅವರು ಬಲಗಡೆ ಮೇಲೆ ಬೆರಳಿಟ್ಟು ಒಂದು ಎಂದರು, ಬಲಗಡೆ ಕೆಳಗೆ ಎರಡು ಎಂದರು. ನಿಲ್ಲಿಸಿದರು. ಹುಬ್ಬು ಗಂಟಿಕ್ಕಿತು. "ಇನ್ನೆರಡು ಎಲ್ಲೋಯ್ತು?" ಎಂದು ಗೊಣಗುತ್ತಾ ಕಾರ್ಡಿನ ಅಂಚನ್ನು ಬೆರಳಿನಿಂದ ಸವರಿಕೊಂಡು ಎಡಕ್ಕೆ ಹೋದರು. ಮೂರು. ಮೇಲಕ್ಕೆ ಸವರಿದರು. ನಾಲ್ಕು! ತಮ್ಮ ಕಣ್ಣನ್ನು ನಂಬಿದ್ದಕ್ಕಿಂತ ಹೆಚ್ಚಾಗಿ ಆ ಮನುಷ್ಯ ನಾಲ್ಕು ಮೂಲೆಯನ್ನು ನಂಬಿದ್ದರು. ಎರಡೇ ಕಂಡರೆ ಕಾರ್ಡಿಗೇ ಕೊರತೆ, ಹುಡುಕಲೇಬೇಕು. ನಾಲ್ಕನೆಯ ಮೂಲೆಯಿಂದ ಓದಲು ಶುರು ಮಾಡಿದಾಗ ಸಾಲಿನ ಮೊದಲ ಅಕ್ಷರ ಬಾಯಿಗೆ ಬಂತು. ನಾನು ಗಟ್ಟಿಯಾಗಿ ಚಪ್ಪಾಳೆ ಹೊಡೆದೆ. ಹಜಾರದಲ್ಲಿ ಕಾಲು ಎತ್ತುತ್ತಿದ್ದವರೆಲ್ಲ ತಿರುಗಿ ನೋಡಿದರು.

ಆಮೇಲೆ ಅವರಿಗೆ ಹುಚ್ಚೇ ಹಿಡಿಯಿತು. ಪೇಪರಿಗೆ ಅರಿಶಿನ, ಫೋನು ಬಿಲ್ಲಿಗೆ ಅರಿಶಿನ, ನಮ್ಮ ಹಾಜರಿ ಪುಸ್ತಕಕ್ಕೂ ಅರಿಶಿನ. ಊಟಕ್ಕೆ ಜಯಮ್ಮ ಇನ್ನೊಂದು ಉಪಾಯ ಕಂಡುಹಿಡಿದರು: ಎಲೆಯ ಎಡ ಮೂಲೆಗೆ ಬಡಿಸುವ ಉಪ್ಪನ್ನು ಮೊದಲು ಮುಟ್ಟಿ ತೋರಿಸಬೇಕು, ಆಮೇಲೇ ಅನ್ನ. ಪಲ್ಯದ ಜಗಳ ನಿಂತಿತು. ದಿನ ಕಳೆದಂತೆ ಅರಿಶಿನವಿಲ್ಲದ ಹಾಳೆಯಲ್ಲೂ ಬೆರಳು ತಾನಾಗಿ ನಾಲ್ಕು ಮೂಲೆ ಸುತ್ತಿ ಬರತೊಡಗಿತು. ಎಲ್ಲ ಪೂರ್ತಿ ಸರಿಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ಆಯಾಸವಾದರೆ ಎಡಗಡೆ ಮತ್ತೆ ಜಾರುತ್ತಿತ್ತು. ಬೀದಿಯಲ್ಲಿ ಒಬ್ಬರೇ ನಡೆಯುವುದಕ್ಕೆ ನಾವು ಬಿಡುತ್ತಿರಲಿಲ್ಲ.

ಆಷಾಢದ ಕೊನೆಯ ಶುಕ್ರವಾರ ಬೆಳಿಗ್ಗೆ ಹನುಮಂತಪ್ಪ ಕರೆಸಿದರು. ನಾನೂ ಜಯಮ್ಮನೂ ಮುನಿರಾಜು ಅವರನ್ನು ಕರೆದುಕೊಂಡು ಸುಲ್ತಾನ್‌ಪೇಟೆಗೆ ಹೋದೆವು. ಹಿಂದಿನ ಕೋಣೆಯಲ್ಲಿ ಮಿಷಿನ್ ಆಗಲೇ ಓಡುತ್ತಿತ್ತು. ಹನುಮಂತಪ್ಪ ಒಂದು ಪ್ರೂಫ್ ಮೇಜಿನ ಮೇಲಿಟ್ಟು ನನ್ನ ಕಿವಿಯಲ್ಲಿ ಹೇಳಿದರು: "ನಾನೇ ಬೇಕಂತ ಏಳು ತಪ್ಪು ಹಾಕ್ಸಿದೀನಿ ಮೇಡಂ. ಪ್ರೂಫ್ ತೆಗೆದ್ಮೇಲೆ ಆ ಏಳನ್ನೂ ಸರಿ ಮಾಡ್ಸಿ ಅದೇ ಮೊಳೇನ ಮಿಷಿನ್‌ಗೆ ಕೊಟ್ಟಿದೀನಿ. ಏಳಕ್ಕೆ ಏಳೂ ಹಿಡೀಬೇಕು."

ಮುನಿರಾಜು ಕೂತರು. ಗಾಬರಿಯಲ್ಲಿ ಬಲಗಡೆಯಿಂದಲೇ ಶುರು ಮಾಡಿಬಿಟ್ಟರು! ಒಂದು, ಎರಡು, ಮೂರು, ನಾಲ್ಕು ತಪ್ಪಿಗೆ ಗುರುತು ಹಾಕಿದರು. ನಾಲ್ಕೂ ಬಲಗಡೆಯವೇ. ಪೆನ್ಸಿಲ್ ಕೆಳಗಿಟ್ಟು, "ಆಯ್ತಣ್ಣ" ಎಂದರು.

ನಾನು ಬಾಯಿ ಬಿಡುವ ಹಾಗಿಲ್ಲ, ಅದು ಹನುಮಂತಪ್ಪ ಮೊದಲೇ ಹಾಕಿದ್ದ ಕರಾರು. ಹನುಮಂತಪ್ಪನವರ ಮುಖ ಬಾಡಿತು. ನಿಜವಾಗಿ ಹೇಳುತ್ತೇನೆ, ತಮ್ಮ ಸೋತದ್ದಕ್ಕೆ ನನಗಿಂತ ಹೆಚ್ಚು ಸಂಕಟ ಆ ಮನುಷ್ಯನಿಗೇ ಆಗಿತ್ತು. "ಆಯ್ತಾ?" ಎಂದು ಕೇಳಿ ಪ್ರೂಫ್ ಎತ್ತಿಕೊಳ್ಳಲು ಕೈ ಚಾಚಿದರು.

"ಇರಣ್ಣ" ಎಂದರು ಮುನಿರಾಜು. ಹಾಳೆಯ ಮೇಲೆ ಅಂಗೈ ಊರಿ ಹಿಡಿದುಕೊಂಡರು. "ಮೂಲೆ ಎಣಿಸ್ಲಿಲ್ಲ ನಾನು."

ಬೆರಳು ಬಲ ಅಂಚಿನಿಂದ ಹೊರಟಿತು. ಒಂದು, ಎರಡು. ಕೆಳಗಿನ ಅಂಚು ಹಿಡಿದು ಎಡಕ್ಕೆ ಬಂತು, ಮೂರು. ಮೇಲಕ್ಕೆ ಹೋಗಿ ನಿಂತಿತು, ನಾಲ್ಕು. ಅಲ್ಲಿಂದ ಒಂದೊಂದೇ ಸಾಲು ಇಳಿದರು. ಐದನೆಯ ತಪ್ಪು ಸಿಕ್ಕಿತು. ಆರನೆಯದು ಸಿಕ್ಕಿತು. ತುಂಬ ಹೊತ್ತಾದ ಮೇಲೆ ಏಳನೆಯದು. ಜಯಮ್ಮ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ನೋಯುತ್ತಿತ್ತು. ಹನುಮಂತಪ್ಪ, "ಸಾಕು ಕಣೋ, ಸಾಕು, ಗೆದ್ದೆ!" ಎಂದು ಅವರ ಭುಜ ಹಿಡಿದುಕೊಂಡರು.

ಮುನಿರಾಜು ತಲೆ ಎತ್ತಲಿಲ್ಲ. "ಎಂಟು" ಎಂದರು.

"ಎಂಟಿಲ್ವೋ. ಏಳೇ ಇರೋದು."

"ಎಂಟಣ್ಣ. ಇಲ್ನೋಡು, ಸಾಲಿನ ಶುರುನಲ್ಲಿ. ಮೇಲೆ ದ್ವಿತೀಯ ಪುತ್ರಿ ಅಂತಿದೆ, ಕೆಳಗೆ ಚಿ||ರಾ|| ಶಶಿ. ಚಿ||ಸೌ|| ಹೋಗಿ ಕಿರಣ್ ಹಿಂದೆ ಕೂತಿದೆ. ಹೆಣ್ಣು ಗಂಡಾಗಿದೆ, ಗಂಡು ಹೆಣ್ಣಾಗಿದೆ."

ಹನುಮಂತಪ್ಪ ಬಗ್ಗಿ ನೋಡಿದರು. ಮುಖದ ಬಣ್ಣವೇ ಇಳಿದುಹೋಯಿತು. ಅದು ಅವರು ಹಾಕಿಸಿದ ತಪ್ಪಲ್ಲ. ಅವರೇ ಎರಡು ಸಲ ಓದಿ ಸರಿ ಎಂದಿದ್ದ ಮೊಳೆ ಅದು, ಆ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆ. "ಮಿಷಿನ್ ನಿಲ್ಸೋ! ನಿಲ್ಸೋ ಮಿಷಿನ್!" ಎಂದು ಕೂಗುತ್ತಾ ಪಂಚೆ ಎತ್ತಿಕೊಂಡು ಒಳಗೆ ಓಡಿದರು. ಕಟಕಟ ಸದ್ದು ನಿಂತಿತು.

ನಾನು ಅತ್ತೆ. ಅಂಗಡಿಯ ನಡುವೆ, ಗಿರಾಕಿಗಳ ಮುಂದೆ, ನಾಚಿಕೆ ಬಿಟ್ಟು ಅತ್ತೆ. ಜಯಮ್ಮ ನಗುತ್ತಿದ್ದರು. ಹನುಮಂತಪ್ಪ ಹಸಿ ಮಸಿಯ ಕಾರ್ಡೊಂದನ್ನು ಹಿಡಿದು ವಾಪಸ್ ಬಂದು, ಅದನ್ನು ತಮ್ಮನ ಮುಂದಿಟ್ಟರು. ಮುನಿರಾಜು ಅಣ್ಣನನ್ನು ನೋಡಿ, "ಏಳು ತಪ್ಪು ನೀನ್ ಬೇಕಂತ ಮಾಡಿದ್ದು. ಎಂಟನೇದು ನಿಂಗೆ ತಾನಾಗೇ ಬಂತಾ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಹನುಮಂತಪ್ಪ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಕೂತ್ಕೋ" ಎಂದರು. "ನೀನು ಸಹಿ ಹಾಕ್ದೆ ಇನ್ಮೇಲೆ ಈ ಅಂಗಡೀಲಿ ಮಿಷಿನ್ ತಿರುಗಲ್ಲ."

ಮೊಳೆ ಸರಿಪಡಿಸಿ ಹೊಸ ಪ್ರೂಫ್ ತಂದುಕೊಟ್ಟರು. ಮುನಿರಾಜು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿ ಸಹಿ ಹಾಕಿದರು. ಸಹಿ ಹಾಕಿದ್ದು ಎಡಗಡೆ.